ಇಡ್ಲಿಯಷ್ಟೇ ತೂಗುವ ಚಟ್ನಿ

ತೂಕ ಇಳಿಸಬೇಕೆಂದು ಹೊರಟವರು ಮೊದಲು ಬಿಡುವುದು ಅನ್ನವನ್ನು, ಆಮೇಲೆ ಆಲೂಗಡ್ಡೆಯನ್ನು, ಹಬ್ಬ ಬಂದರೆ ಹೋಳಿಗೆಯನ್ನು. ಚಟ್ನಿ ಬಿಟ್ಟವರನ್ನು ನಾನಿನ್ನೂ ನೋಡಿಲ್ಲ. ಚಟ್ನಿ ಯಾರ ಲೆಕ್ಕದಲ್ಲೂ ಊಟವಲ್ಲ. ಅದು ನೆಂಚಿಕೊಳ್ಳುವುದಕ್ಕೆ ಇರುವುದು. ನಮ್ಮ ಅಡುಗೆಮನೆಯಲ್ಲಿ ಕ್ಯಾಲೊರಿ ಹೆಚ್ಚಾಗಿ ಸೇರಿಕೊಳ್ಳುವುದು ಹೀಗೆ ಊಟವೆಂದು ಯಾರೂ ಎಣಿಸದ ಪದಾರ್ಥಗಳಲ್ಲಿಯೇ.

ನಾಲ್ವರಿಗೆ ಇಡ್ಲಿಯ ಜೊತೆಗೆ ಕಾಯಿಚಟ್ನಿ ಅರೆಯುವುದನ್ನು ತೂಕ ಹಾಕಿ ನೋಡೋಣ. ಕಾಯಿತುರಿ 100 ಗ್ರಾಂ ಎಂದರೆ ದೊಡ್ಡ ಕಾಯಿಯ ಅರ್ಧ ಹೋಳಿಗಿಂತ ಕಡಿಮೆ. ಅದರಲ್ಲಿ 350ರಿಂದ 400 ಕ್ಯಾಲೊರಿ ಇರುತ್ತದೆ. ಒಂದು ಹಿಡಿ ಹುರಿಗಡಲೆ, ಅಂದರೆ 25 ಗ್ರಾಂ, ಸುಮಾರು 90 ಸೇರಿಸುತ್ತದೆ. ಒಗ್ಗರಣೆಗೆ ಎರಡು ಟೀ ಚಮಚ ಎಣ್ಣೆ ಹಾಕಿದರೆ ಇನ್ನೊಂದು 80. ಒಟ್ಟು 540ರ ಆಸುಪಾಸು, ಒಬ್ಬರ ಪಾಲಿಗೆ 135. ಇನ್ನು ಇಡ್ಲಿಯ ಲೆಕ್ಕ. ಮನೆಯ ಒಂದು ಇಡ್ಲಿಗೆ ಹಿಡಿಯುವ ಅಕ್ಕಿ ಮತ್ತು ಉದ್ದು ಒಣ ತೂಕದಲ್ಲಿ 15 ಗ್ರಾಂನಷ್ಟು, ಹಾಗಾಗಿ ಒಂದು ಇಡ್ಲಿ ಎಂದರೆ 50 ಕ್ಯಾಲೊರಿ, ಮೂರು ಇಡ್ಲಿಗೆ 150. ‘ಬರೀ ಮೂರು ಇಡ್ಲಿ ತಿಂದೆ’ ಎನ್ನುವವರು ಅದರ ಪಕ್ಕದಲ್ಲಿ ಹೆಚ್ಚುಕಡಿಮೆ ಇನ್ನೂ ಮೂರು ಇಡ್ಲಿಯಷ್ಟನ್ನು ಚಟ್ನಿಯ ರೂಪದಲ್ಲಿ ತಿಂದಿರುತ್ತಾರೆ. ಎರಡನೇ ಸಲ ಬಡಿಸಿಕೊಂಡರೆ ಚಟ್ನಿಯೇ ಮುಂದೆ. ಹೋಟೆಲಿನ ಚಟ್ನಿ ನೀರು ನೀರು ಎಂದು ಮೂಗು ಮುರಿಯುತ್ತೇವಲ್ಲ, ಈ ಒಂದು ಲೆಕ್ಕದಲ್ಲಿ ಅದೇ ವಾಸಿ.

ಇಡ್ಲಿಗೂ ಕಾಯಿಗೂ ಇಷ್ಟು ಅಂತರ ಏಕೆ ಎಂದರೆ ಕ್ಯಾಲೊರಿಯ ಬುಡಕ್ಕೆ ಹೋಗಬೇಕು. ಒಂದು ಕಿಲೋ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಶಾಖವನ್ನೇ ಆಹಾರದ ವಿಷಯದಲ್ಲಿ ಒಂದು ಕ್ಯಾಲೊರಿ ಎನ್ನುತ್ತೇವೆ. ವಿಜ್ಞಾನದ ಪುಸ್ತಕಗಳು ಇದನ್ನು ಕಿಲೋಕ್ಯಾಲೊರಿ ಎನ್ನುತ್ತವೆ. 1890ರ ದಶಕದಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ವಿಲ್ಬರ್ ಅಟ್‌ವಾಟರ್ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ, ಮನುಷ್ಯ ದಿನಗಟ್ಟಲೆ ಒಳಗೇ ಉಂಡು ಮಲಗಬಹುದಾದ ಒಂದು ಕೋಣೆಯನ್ನು ಕಟ್ಟಿಸಿ, ತಿಂದ ಆಹಾರ ಎಷ್ಟು ಶಾಖವಾಗಿ ಹೊರಬರುತ್ತದೆ ಎಂದು ಅಳೆದರು. ಆಗ ಸಿಕ್ಕ ದರಗಳನ್ನೇ ಇಂದಿಗೂ ಬಳಸುತ್ತೇವೆ: ಪಿಷ್ಟ, ಸಕ್ಕರೆ ಮತ್ತು ಪ್ರೊಟೀನ್‌ಗೆ ಗ್ರಾಂಗೆ 4 ಕ್ಯಾಲೊರಿ, ಕೊಬ್ಬಿಗೆ 9. ಪಿಷ್ಟ, ಸಕ್ಕರೆಗಳ ಅಣುವಿನಲ್ಲಿ ಆಮ್ಲಜನಕ ಆಗಲೇ ಸಾಕಷ್ಟು ಸೇರಿಕೊಂಡಿರುತ್ತದೆ, ಆದ್ದರಿಂದ ದೇಹದಲ್ಲಿ ದಹಿಸಲು ಉಳಿದಿರುವುದು ಕಡಿಮೆ. ಕೊಬ್ಬಿನಲ್ಲಿ ಇರುವುದು ಬಹುಪಾಲು ಇಂಗಾಲ ಮತ್ತು ಜಲಜನಕ. ಅದು ದಹಿಸಿದಾಗ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬರುತ್ತದೆ. ನೀರಿಗೆ ಕ್ಯಾಲೊರಿಯೇ ಇಲ್ಲ.

ಹೀಗಾಗಿ ಯಾವುದೇ ತಿನಿಸನ್ನು ಕಂಡಾಗ ಕೇಳಬೇಕಾದ ಪ್ರಶ್ನೆಗಳು ಎರಡೇ. ಒಳಗೆ ಜಿಡ್ಡು ಎಷ್ಟು ಹೋಗಿದೆ? ಹೊರಗೆ ನೀರು ಎಷ್ಟು ಹೋಗಿದೆ? ಹಸಿ ಕಾಯಿಯ ನೀರು ಆರಿ ಕೊಬ್ಬರಿಯಾದರೆ 100 ಗ್ರಾಂಗೆ 660 ಕ್ಯಾಲೊರಿ. ದ್ರಾಕ್ಷಿ 70ರ ಆಸುಪಾಸಿನಲ್ಲಿದ್ದರೆ ಒಣದ್ರಾಕ್ಷಿ 300. ಒಂದು ಗೊಂಚಲು ದ್ರಾಕ್ಷಿ ತಿನ್ನುವಷ್ಟರಲ್ಲಿ ಹೊಟ್ಟೆ ಸಾಕೆನ್ನುತ್ತದೆ, ಅಷ್ಟೇ ಹಣ್ಣು ಒಣಗಿದ ಮೇಲೆ ಒಂದು ಹಿಡಿಯಾಗಿ ಬಾಯಾಡಿಸಲೂ ಸಾಲದು. ಆಹಾರದ ಪ್ರಮಾಣ ಮತ್ತು ತೂಕವನ್ನು ಹೊಟ್ಟೆ ಗುರುತಿಸುವಷ್ಟು ಚೆನ್ನಾಗಿ ಕ್ಯಾಲೊರಿಯನ್ನು ಗುರುತಿಸುವುದಿಲ್ಲ ಎಂಬುದನ್ನು ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ವರ್ಷಗಟ್ಟಲೆ ಪ್ರಯೋಗ ನಡೆಸಿ ತೋರಿಸಿದ್ದಾರೆ.

ಈ ಎರಡೂ ಕೆಲಸ ಒಟ್ಟಿಗೆ ನಡೆಯುವುದು ಬಾಣಲೆಯಲ್ಲಿ. ಹಸಿ ಆಲೂಗಡ್ಡೆಯಲ್ಲಿ ಶೇ. 80ರಷ್ಟು ನೀರು, 100 ಗ್ರಾಂಗೆ 80 ಕ್ಯಾಲೊರಿಯೂ ಇಲ್ಲ. ತೆಳ್ಳಗೆ ಹೆಚ್ಚಿ ಕಾದ ಎಣ್ಣೆಗೆ ಬಿಟ್ಟರೆ ನೀರು ಆವಿಯಾಗಿ ನೊರೆ ನೊರೆಯಾಗಿ ಹೊರಬರುತ್ತದೆ. ಆವಿ ರಭಸದಿಂದ ಹೊರಗೆ ನುಗ್ಗುತ್ತಿರುವಷ್ಟು ಹೊತ್ತು ಎಣ್ಣೆ ಒಳಗೆ ಹೋಗುವುದು ಕಷ್ಟ. ಜಾಲರಿ ಸೌಟಿನಿಂದ ಎತ್ತಿದ ಮೇಲೆ, ತಣ್ಣಗಾಗುವಾಗ, ಒಳಗೆ ಉಳಿದ ಆವಿ ಮತ್ತೆ ನೀರಾಗಿ ಜಾಗ ಖಾಲಿಯಾಗುತ್ತದೆ. ಮೇಲ್ಮೈಗೆ ಅಂಟಿಕೊಂಡಿದ್ದ ಎಣ್ಣೆಯನ್ನು ಆ ಖಾಲಿ ಜಾಗ ಹೀರಿಕೊಳ್ಳುತ್ತದೆ. ಕೊನೆಗೆ ಸಿಗುವ ಚಿಪ್ಸ್‌ನಲ್ಲಿ ಮೂರನೇ ಒಂದು ಪಾಲು ಎಣ್ಣೆ, 100 ಗ್ರಾಂಗೆ 540 ಕ್ಯಾಲೊರಿ. ವಡೆ, ಪೂರಿ, ಬೋಂಡಾ ಎಲ್ಲಕ್ಕೂ ಇದೇ ನಿಯಮ ಹೆಚ್ಚುಕಡಿಮೆ ಅನ್ವಯಿಸುತ್ತದೆ. ಕರಿದದ್ದನ್ನು ಬಿಸಿ ಇರುವಾಗಲೇ ಚೆನ್ನಾಗಿ ಬಸಿಯಲು ಬಿಡಬೇಕು, ಒಂದರ ಮೇಲೊಂದು ಪೇರಿಸಿ ಆರಿಸಬಾರದು ಎಂದು ಮನೆಯ ಹಿರಿಯರು ಹೇಳುವುದರ ಹಿಂದಿನ ಕಾರಣವೂ ಇದೇ.

ಕರಿಯದ ದಿನಗಳಲ್ಲೂ ಎಣ್ಣೆ ಸುಮ್ಮನೆ ಕೂತಿರುವುದಿಲ್ಲ. ಪಲ್ಯಕ್ಕೆ ಒಗ್ಗರಣೆ, ಸಾರಿಗೆ ಒಗ್ಗರಣೆ, ದೋಸೆ ಹಂಚಿನ ಮೇಲೆ ಎರಡು ಚಮಚ, ಉಪ್ಪಿನಕಾಯಿಯ ಮೇಲೆ ತೇಲುವಷ್ಟು. ಇದೆಲ್ಲ ಕಣ್ಣಳತೆ, ಕೈಯಳತೆ, ಯಾರೂ ಬರೆದಿಡುವುದಿಲ್ಲ. ಆದರೆ ಲೆಕ್ಕ ಸಿಗುವ ಒಂದು ಜಾಗ ಇದೆ: ತಿಂಗಳ ದಿನಸಿ ಚೀಟಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2,000 ಕ್ಯಾಲೊರಿಯ ದಿನದ ಊಟಕ್ಕೆ ಸೂಚಿಸಿರುವ ಎಣ್ಣೆ, ತುಪ್ಪ, ಬೆಣ್ಣೆಯ ಒಟ್ಟು ಪ್ರಮಾಣ 27 ಗ್ರಾಂ. ನಾಲ್ವರ ಮನೆಗೆ 30 ದಿನಕ್ಕೆ ಇದು 3,240 ಗ್ರಾಂ. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 910 ಗ್ರಾಂ ಆದ್ದರಿಂದ ಮೂರೂವರೆ ಲೀಟರ್ ಎಂದಿಟ್ಟುಕೊಳ್ಳಿ, ತುಪ್ಪವೂ ಸೇರಿ. ಐದು ಲೀಟರಿನ ಕ್ಯಾನು ತಿಂಗಳಿಗೆ ಮುಗಿಯುವ ಮನೆಯಲ್ಲಿ ಪ್ರತಿಯೊಬ್ಬರ ಹೊಟ್ಟೆಗೆ ದಿನಕ್ಕೆ 340 ಕ್ಯಾಲೊರಿ ಎಣ್ಣೆಯಿಂದಲೇ ಹೋಗುತ್ತದೆ, ಸೂಚಿಸಿದ್ದಕ್ಕಿಂತ 100 ಹೆಚ್ಚು. ಕರಿದು ಉಳಿದ ಎಣ್ಣೆ ಚೆಲ್ಲುವವರು ಅಷ್ಟನ್ನು ಲೆಕ್ಕದಿಂದ ಕಳೆಯಲಿ. ಚೆಲ್ಲುವವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಎಣ್ಣೆಯನ್ನು ಬದಲಾಯಿಸಿದರೆ ಈ ಲೆಕ್ಕ ಬದಲಾಗುವುದಿಲ್ಲ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ, ಗಾಣದ ಕೊಬ್ಬರಿ ಎಣ್ಣೆ, ದುಬಾರಿ ಆಲಿವ್ ಎಣ್ಣೆ ಎಲ್ಲವೂ ಗ್ರಾಂಗೆ 9. ಪ್ಯಾಕೆಟ್ಟಿನ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಎಂದು ಹೃದಯದ ಚಿತ್ರದ ಪಕ್ಕದಲ್ಲಿ ಬರೆದಿರುವುದು ನಿಜವೇ. ಕೊಲೆಸ್ಟ್ರಾಲ್ ಪ್ರಾಣಿಮೂಲದ ಆಹಾರದಲ್ಲಿ ಇರುವಂಥದ್ದು, ಗಿಡದ ಎಣ್ಣೆಯಲ್ಲಿ ಹೆಸರಿಗೆ ಮಾತ್ರ. ಆ ಸಾಲಿಗೂ ಕ್ಯಾಲೊರಿಗೂ ಸಂಬಂಧವಿಲ್ಲ.

ರಾತ್ರಿ ಅನ್ನ ಬಿಟ್ಟು ಚಪಾತಿ ಹಿಡಿದವರಿಗೆ ಇದೇ ಎಣ್ಣೆ ಆಟ ಆಡಿಸುತ್ತದೆ. ಒಂದು ಚಪಾತಿಗೆ 35 ಗ್ರಾಂ ಹಿಟ್ಟು ಎಂದರೆ 115 ಕ್ಯಾಲೊರಿ. ಕಾವಲಿಯ ಮೇಲೆ ಒಂದು ಟೀ ಚಮಚ ಎಣ್ಣೆ ಸವರಿದರೆ ಇನ್ನೂ 45. ಮೂರು ಚಪಾತಿಗೆ 480 ಆಯಿತು. ಅವರು ಬಿಟ್ಟ ಅನ್ನ 75 ಗ್ರಾಂ ಅಕ್ಕಿಯದ್ದು, 265ರ ಆಸುಪಾಸು. ಗೋಧಿಯಲ್ಲಿ ನಾರು ಹೆಚ್ಚು, ಸಕ್ಕರೆ ಕಾಯಿಲೆಯವರಿಗೆ ಅದರಿಂದ ಬೇರೆ ಪ್ರಯೋಜನ ಇರಬಹುದು. ಆದರೆ ಶಕ್ತಿಯ ಲೆಕ್ಕದಲ್ಲಿ ಅಕ್ಕಿ, ಗೋಧಿ, ರಾಗಿ, ಜೋಳ ನಾಲ್ಕೂ 100 ಗ್ರಾಂಗೆ 320ರಿಂದ 360ರ ಒಳಗೆ ಅಕ್ಕಪಕ್ಕ ಕೂತಿವೆ. ವ್ಯತ್ಯಾಸ ಮಾಡುವುದು ಅವುಗಳಿಗೆ ಸೇರುವ ನೀರು ಮತ್ತು ಜಿಡ್ಡು. ಮುದ್ದೆಗೆ ಬೇಕಾದದ್ದು ನೀರು, ಜೋಳದ ರೊಟ್ಟಿ ತಟ್ಟುವುದಕ್ಕೂ ನೀರೇ. ಇವುಗಳನ್ನು ಹಳ್ಳಿಯ ಒರಟು ಊಟವೆಂದು ಪಕ್ಕಕ್ಕೆ ಸರಿಸಿ, ಎಣ್ಣೆ ಕುಡಿದ ಮೆತ್ತನೆಯ ಪರೋಟವನ್ನು ಪಥ್ಯವೆಂದು ತಿನ್ನುವುದು ನನಗಂತೂ ತಮಾಷೆಯಾಗಿ ಕಾಣುತ್ತದೆ.

ಅದಕ್ಕಿಂತ ದೊಡ್ಡ ತಮಾಷೆ ಅಂಟಿನ ಉಂಡೆಯದು. ಕೊಬ್ಬರಿ ತುರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಗಸಗಸೆ, ತುಪ್ಪದಲ್ಲಿ ಅರಳಿಸಿದ ಅಂಟು, ಎಲ್ಲವನ್ನೂ ಹಿಡಿದಿಡಲು ಬೆಲ್ಲದ ಪಾಕ. ಉತ್ತರ ಕರ್ನಾಟಕದ ಮನೆಗಳಲ್ಲಿ ಇದು ಬಾಣಂತಿಯ ಡಬ್ಬಿಯ ತಿನಿಸು. ಇದರಲ್ಲಿ ನೀರಿನ ಅಂಶ ಇರುವುದೇ ಕಡಿಮೆ. 100 ಗ್ರಾಂಗೆ 500 ಕ್ಯಾಲೊರಿಯ ಆಸುಪಾಸು, 40 ಗ್ರಾಂನ ಒಂದು ಉಂಡೆಗೆ 200. ಕಟ್ಟಿದವರಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ, ಅದಕ್ಕಾಗಿಯೇ ಕಟ್ಟಿದ್ದು. ಮಗುವಿಗೆ ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚುವರಿಯಾಗಿ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ಎಡೆಬಿಡದೆ ಎದ್ದು ಕೂರುವ, ತಟ್ಟೆ ತುಂಬಾ ಉಣ್ಣಲು ಬಿಡುವಿಲ್ಲದ ತಾಯಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಉಂಡೆ ಕೊಟ್ಟರೆ ಅದರಲ್ಲಿ 400 ಪೂರೈಸಿತು. ಮಂಡಳಿ ಹುಟ್ಟುವ ಎಷ್ಟೋ ಮೊದಲೇ ಅಡುಗೆಮನೆ ಕಂಡುಕೊಂಡ ಪರಿಹಾರ ಇದು.

ಈಗ ಇದೇ ಉಂಡೆ ಬೆಲ್ಲದ ಬದಲು ಖರ್ಜೂರದಲ್ಲಿ ಕಟ್ಟಿಸಿಕೊಂಡು, ‘ಸಕ್ಕರೆ ರಹಿತ’ ಎಂಬ ಚೀಟಿ ಅಂಟಿಸಿಕೊಂಡು, ಗಾಜಿನ ಡಬ್ಬಿಯಲ್ಲಿ ಕಚೇರಿಯ ಮೇಜಿನ ಮೇಲೆ ಬಂದು ಕೂತಿದೆ. ತಿನ್ನುವವರು ಬಾಣಂತಿಯರಲ್ಲ, ಬೆಳಗಿನಿಂದ ಸಂಜೆಯವರೆಗೆ ಕುರ್ಚಿ ಬಿಟ್ಟೇಳದವರು. ಕೂತು ಕೆಲಸ ಮಾಡುವ ಹೆಂಗಸಿಗೆ ಅದೇ ಮಂಡಳಿ ನಿಗದಿ ಮಾಡಿರುವುದು ದಿನಕ್ಕೆ 1,660 ಕ್ಯಾಲೊರಿ, ಗಂಡಸಿಗೆ 2,110; ಹೊಲದಲ್ಲೋ ಕಟ್ಟಡದಲ್ಲೋ ಮೈಮುರಿದು ದುಡಿಯುವ ಗಂಡಸಿಗೆ 3,470. ಮಾತ್ರವಲ್ಲ, ‘ಆರೋಗ್ಯಕ್ಕೆ ಒಳ್ಳೆಯದು’ ಎಂಬ ಧೈರ್ಯದಲ್ಲಿ ಜನ ಎರಡು ಉಂಡೆ ತಿನ್ನುತ್ತಾರೆ, ಮೈಸೂರು ಪಾಕ್ ಆಗಿದ್ದರೆ ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಖರ್ಜೂರದಲ್ಲಿ ನಾರು, ಖನಿಜಗಳು ಇವೆ, ಅದರ ಗುಣವನ್ನು ಅಲ್ಲಗಳೆಯುತ್ತಿಲ್ಲ. ಆದರೆ ಅದರ ತೂಕದಲ್ಲಿ ಬಹುಪಾಲು ಸಕ್ಕರೆಯೇ. ಬೆಲ್ಲವೂ ಹಾಗೆಯೇ: 100 ಗ್ರಾಂಗೆ ಸಕ್ಕರೆ 390ರ ಆಸುಪಾಸಿನಲ್ಲಿದ್ದರೆ ಬೆಲ್ಲ 350ರಿಂದ 380. ಜೇನುತುಪ್ಪ 300ಕ್ಕೆ ಇಳಿಯುವುದು ನಿಜ, ಅದರಲ್ಲಿ ನೀರಿದೆ. ಆದರೆ ಅದು ಮಂದವಾಗಿ, ತೂಕವಾಗಿ ಇರುವುದರಿಂದ ಒಂದು ದೊಡ್ಡ ಚಮಚ ಸಕ್ಕರೆ 48 ಕ್ಯಾಲೊರಿ ಆದರೆ ಅದೇ ಚಮಚದ ಜೇನು 64. ಬೆಳಿಗ್ಗೆ ಬಿಸಿನೀರಿಗೆ ಜೇನು ಬೆರೆಸಿ ತೂಕ ಇಳಿಸಲು ಹೊರಟವರು ಇದನ್ನು ಗಮನಿಸಿದಂತಿಲ್ಲ.

ಕುಡಿಯುವುದನ್ನು ತಿನ್ನುವುದೆಂದು ಎಣಿಸದಿರುವುದು ಇನ್ನೊಂದು ಅಭ್ಯಾಸ. ಟೋನ್ಡ್ ಹಾಲಿನಲ್ಲಿ ಶೇ. 3 ಕೊಬ್ಬು ಇರುತ್ತದೆ, 100 ಮಿಲಿಲೀಟರಿಗೆ 60ರ ಹತ್ತಿರ, ಶೇ. 6 ಕೊಬ್ಬಿನ ಕೆನೆಭರಿತ ಹಾಲಾದರೆ 85 ದಾಟುತ್ತದೆ. ಟೋನ್ಡ್ ಹಾಲಿನ ಕಾಫಿಗೆ ಎರಡು ಟೀ ಚಮಚ ಸಕ್ಕರೆ ಸೇರಿದರೆ 100. ದಿನಕ್ಕೆ ಮೂರು ಲೋಟವಾದರೆ 300, ಕೂತು ಕೆಲಸ ಮಾಡುವ ಹೆಂಗಸಿನ ದಿನದ ಪಾಲಿನ ಆರನೇ ಒಂದಕ್ಕಿಂತ ಹೆಚ್ಚು. ಬೆಂಗಳೂರಿನ ‘ಬೈಟು ಕಾಫಿ’ ಹುಟ್ಟಿದ್ದು ಜೇಬಿನ ಕಾರಣಕ್ಕೋ ಗೆಳೆತನದ ಕಾರಣಕ್ಕೋ, ಸೊಂಟಕ್ಕೂ ಅದರಿಂದ ಉಪಕಾರವಾಗಿದೆ. ಜ್ಯೂಸ್ ಅಂಗಡಿಯ ಬೆಣ್ಣೆಹಣ್ಣಿನ ಮಿಲ್ಕ್‌ಶೇಕ್ ಮಾತ್ರ ಬೇರೆಯದೇ ಮಟ್ಟದ್ದು. 100 ಗ್ರಾಂ ತಿರುಳಿಗೆ 160, ಒಂದು ಲೋಟ ಹಾಲಿಗೆ 120, ಧಾರಾಳವಾಗಿ ಸುರಿಯುವ ಸಕ್ಕರೆ 30 ಗ್ರಾಂ ಎಂದರೂ 120, ಮೇಲೊಂದು ಉಂಡೆ ಐಸ್‌ಕ್ರೀಮ್ ಬಿದ್ದರೆ ಒಟ್ಟು 500 ಮೀರುತ್ತದೆ. ಇದನ್ನು ಊಟವಾದ ಮೇಲೆ ಹಣ್ಣಿನ ರಸವೆಂದು ಕುಡಿಯುತ್ತಾರೆ. ಪಕ್ಕದ ಗಾಡಿಯ ಎಳನೀರಿನಲ್ಲಿ 100 ಮಿಲಿಲೀಟರಿಗೆ 20ರಷ್ಟೇ ಇರುತ್ತದೆ.

ದ್ರವರೂಪದ ಕ್ಯಾಲೊರಿ ಹಸಿವನ್ನು ಮುಟ್ಟುವುದೂ ಕಡಿಮೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2000ನೇ ಇಸವಿಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಗುಂಪಿನ ಜನರಿಗೆ ನಾಲ್ಕು ವಾರ ದಿನಕ್ಕೆ 450 ಕ್ಯಾಲೊರಿಯಷ್ಟು ಜೆಲ್ಲಿ ಮಿಠಾಯಿ ಕೊಟ್ಟರು, ಇನ್ನು ನಾಲ್ಕು ವಾರ ಅಷ್ಟೇ ಕ್ಯಾಲೊರಿಯ ಸೋಡಾ ಪಾನೀಯ ಕೊಟ್ಟರು. ಮಿಠಾಯಿ ತಿಂದಾಗ ಅವರು ತಮಗೇ ಅರಿವಿಲ್ಲದಂತೆ ಉಳಿದ ಊಟವನ್ನು ಕಡಿಮೆ ಮಾಡಿಕೊಂಡರು. ಪಾನೀಯ ಕುಡಿದಾಗ ಊಟ ಕಡಿಮೆಯಾಗಲಿಲ್ಲ, ತೂಕ ಏರಿತು. ಪ್ರಯೋಗ ಸಣ್ಣದು, ಹದಿನೈದು ಜನರದ್ದು. ಆದರೆ ಊಟಕ್ಕೆ ಮುಂಚೆ ಒಂದು ಲೋಟ ಕಬ್ಬಿನ ಹಾಲು ಕುಡಿದವರು ಊಟ ಬಿಟ್ಟದ್ದನ್ನು ನೀವು ನೋಡಿದ್ದೀರಾ?

ಉಪವಾಸದ ಸಬ್ಬಕ್ಕಿ ಕಿಚಡಿಯನ್ನು ಹೆಚ್ಚು ಎಳೆಯುವುದಿಲ್ಲ. ಸಬ್ಬಕ್ಕಿ ಹೆಚ್ಚುಕಡಿಮೆ ಶುದ್ಧ ಪಿಷ್ಟ, ಅದಕ್ಕೆ ಕಡಲೆಬೀಜದ ಪುಡಿ, ತುಪ್ಪ, ಆಲೂಗಡ್ಡೆ ಸೇರಿ ಒಂದು ತಟ್ಟೆಗೆ 450 ದಾಟುತ್ತದೆ. ಅನ್ನ, ಸಾರು, ಪಲ್ಯ, ಮಜ್ಜಿಗೆಯ ಸರಳ ಊಟ ಅಷ್ಟೇ ಆಗುತ್ತಿತ್ತು. ಏಕಾದಶಿಯನ್ನು ಪುಣ್ಯಕ್ಕಾಗಿ ಮಾಡುವವರ ಬಗ್ಗೆ ನನ್ನ ತಕರಾರಿಲ್ಲ, ತೂಕಕ್ಕಾಗಿ ಮಾಡುವವರಿಗೆ ಮಾತ್ರ ಈ ಮಾತು.

ಸಂಜೆಯ ಕುರುಕಲಿಗೆ ಬಂದರೆ, ಕಡಲೆಪುರಿ ಒಂದು ಸೋಜಿಗ. ತೂಕಕ್ಕೆ ತೂಕ ಅಕ್ಕಿಯಷ್ಟೇ ಕ್ಯಾಲೊರಿ, ಆದರೆ 30 ಗ್ರಾಂ ಪುರಿಯೇ ದೊಡ್ಡ ಬಟ್ಟಲು ತುಂಬುತ್ತದೆ, 100 ಕ್ಯಾಲೊರಿಯಲ್ಲಿ ಕೆಲಸ ಮುಗಿಯುತ್ತದೆ. ಅದರ ಮೇಲೆ ಉದುರಿಸುವ ಖಾರ, ಮಿಕ್ಸ್ಚರ್, ನಿಪ್ಪಟ್ಟಿನ ಪುಡಿ 100 ಗ್ರಾಂಗೆ 500ರ ಮೇಲಿನವು. 20 ಗ್ರಾಂ ಉದುರಿಸಿದರೂ ಬಟ್ಟಲಿನ ಪುರಿಗೆ ಸರಿಸಮ. ಚಹಾದ ಜೊತೆಗಿನ ಬಿಸ್ಕತ್ತು ಇನ್ನೊಂದು ಬಗೆಯ ಮೋಸ. ಸಪ್ಪೆಯಾಗಿದ್ದರೆ ಹಗುರ ಎಂದು ನಾಲಿಗೆ ತೀರ್ಮಾನಿಸಿಬಿಡುತ್ತದೆ. ಮಾರಿ ಬಿಸ್ಕತ್ತು 100 ಗ್ರಾಂಗೆ 440ರ ಆಸುಪಾಸು, ನಾರಿನ ಹೆಸರಿನಲ್ಲಿ ಮಾರುವ ದಪ್ಪ ಗೋಧಿ ಬಿಸ್ಕತ್ತು 480ರ ಹತ್ತಿರ, ಅದರ ಒಂದೊಂದು ಬಿಲ್ಲೆಗೂ 70. ರಾಗಿ ಎಂದೋ ಬಹುಧಾನ್ಯ ಎಂದೋ ಮುಂದೆ ದೊಡ್ಡದಾಗಿ ಬರೆದಿದ್ದರೆ ಪೊಟ್ಟಣವನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ: ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬುದು ಕಾನೂನು. ಮೈದಾ, ಸಕ್ಕರೆ, ಎಣ್ಣೆ ಆದ ಮೇಲೆ ರಾಗಿ ಬಂದರೆ ಅದು ಹೆಸರಿಗೆ ರಾಗಿ. ಅಲ್ಲೇ ‘ಒಂದು ಬಾರಿಗೆ’ ಎಂದು ಕೊಟ್ಟಿರುವ ಅಂಕಿಯನ್ನು ನಂಬಬೇಡಿ. ಆ ಒಂದು ಬಾರಿ 20 ಗ್ರಾಂ ಇರಬಹುದು, ಪೊಟ್ಟಣ 60 ಗ್ರಾಂ ಇರಬಹುದು. ಪಕ್ಕದಲ್ಲಿ 100 ಗ್ರಾಂನ ಅಂಕಿ ಇರುತ್ತದೆ, ಹೋಲಿಸಲು ಅದೇ ಸರಿ.

ಇಷ್ಟೆಲ್ಲ ಅಂಕಿ ಕೊಟ್ಟ ಮೇಲೆ ಅವುಗಳ ಮಿತಿಯನ್ನೂ ಹೇಳಬೇಕು. ಅಟ್‌ವಾಟರ್ ದರಗಳು ಸರಾಸರಿಗಳು, ಎಲ್ಲ ಆಹಾರವೂ ಅವುಗಳಿಗೆ ಬಗ್ಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ಬಾದಾಮಿ ತಿಂದವರ ಮಲಮೂತ್ರಗಳನ್ನೂ ಅಳೆದು ನೋಡಿದಾಗ, 28 ಗ್ರಾಂ ಬಾದಾಮಿಯಿಂದ ಲೆಕ್ಕದ ಪ್ರಕಾರ ಸಿಗಬೇಕಾದ 170 ಕ್ಯಾಲೊರಿಯ ಬದಲು ದೇಹಕ್ಕೆ ದಕ್ಕಿದ್ದು 129 ಮಾತ್ರ. ಬೀಜದ ಜೀವಕೋಶಗಳ ಗೋಡೆ ಗಟ್ಟಿ; ಹಲ್ಲಿಗೆ ಸಿಕ್ಕಿ ಒಡೆದ ಕೋಶಗಳ ಎಣ್ಣೆ ದಕ್ಕುತ್ತದೆ, ಒಡೆಯದವುಗಳದು ಹಾಗೆಯೇ ಹೊರಗೆ ಹೋಗುತ್ತದೆ. ಮುಂದೆ ಅದೇ ಬಾದಾಮಿಯನ್ನು ಬೆಣ್ಣೆಯಂತೆ ನುಣ್ಣಗೆ ಅರೆದು ಕೊಟ್ಟಾಗ ಈ ಸೋರಿಕೆ ನಿಂತು, ಹಳೆಯ ಲೆಕ್ಕವೇ ಸರಿಯಾಯಿತು. ಇದನ್ನು ಓದಿದಾಗ ನನಗೆ ನೆನಪಾದದ್ದು ಶೇಂಗಾ ಚಟ್ನಿಪುಡಿ. ಹುರಿದ ಶೇಂಗಾವನ್ನು ಒಂದೊಂದೇ ಕಾಳು ಜಗಿಯುವುದು ನಿಧಾನದ ಕೆಲಸ. ಕುಟ್ಟಿದ ಪುಡಿ ಆಗಲೇ ಎಣ್ಣೆ ಬಿಟ್ಟು ಉಂಡೆಗಟ್ಟುತ್ತಿರುತ್ತದೆ. ರೊಟ್ಟಿಯ ಪಕ್ಕದಲ್ಲಿ ಎರಡು ಚಮಚ ಪುಡಿ 20 ಗ್ರಾಂ, ನೂರಕ್ಕೂ ಹೆಚ್ಚು. ಮೇಲೆ ಹಸಿ ಎಣ್ಣೆ ಬಿಟ್ಟುಕೊಂಡರೆ ಚಮಚಕ್ಕೆ 45. ಬರೀ ರೊಟ್ಟಿ ಚಟ್ನಿ ಎಂದು ಕರೆಸಿಕೊಳ್ಳುವ ಈ ಊಟ ಹೊಲಕ್ಕೆ ಹೋಗುವವರನ್ನು ಮಧ್ಯಾಹ್ನದವರೆಗೆ ನಿಲ್ಲಿಸುತ್ತಿದ್ದದ್ದು ಸುಮ್ಮನೆ ಅಲ್ಲ.

ಇದೇ ಪಟ್ಟಿಯನ್ನು ತಿರುಗಿಸಿ ಓದಬೇಕಾದ ಮನೆಗಳೂ ಇವೆ. ಜ್ವರದಿಂದ ಎದ್ದವರು, ಹಲ್ಲಿಲ್ಲದ ಅಜ್ಜಿ, ಎರಡು ತುತ್ತಿಗೆ ಮುಖ ತಿರುಗಿಸುವ ಮಗು. ಇವರಿಗೆಲ್ಲ ‘ಇನ್ನೂ ಸ್ವಲ್ಪ ಉಣ್ಣು’ ಎಂದು ಒತ್ತಾಯಿಸಿದರೆ ಫಲವಿಲ್ಲ, ಏಕೆಂದರೆ ಹೊಟ್ಟೆಯಲ್ಲಿ ಜಾಗವೇ ಇಲ್ಲ. 25 ಗ್ರಾಂ ಅಕ್ಕಿಯಿಂದ ಮಾಡಿದ ಒಂದು ಬಟ್ಟಲು ತೆಳು ಗಂಜಿಯಲ್ಲಿ ಇರುವುದು 90 ಕ್ಯಾಲೊರಿ, ಉಳಿದದ್ದೆಲ್ಲ ನೀರು. ಅದಕ್ಕೆ ಎರಡು ಟೀ ಚಮಚ ತುಪ್ಪ, ಅಂದರೆ 10 ಗ್ರಾಂ ಬೆರೆಸಿದರೆ ಬಟ್ಟಲು ಅಷ್ಟೇ ಉಳಿದು ಶಕ್ತಿ ಎರಡರಷ್ಟಾಗುತ್ತದೆ. ಒಂದು ಚಮಚ ಹುರಿಗಡಲೆ ಹಿಟ್ಟು ಕದಡಿದರೆ ಸ್ವಲ್ಪ ಪ್ರೊಟೀನೂ ಸೇರುತ್ತದೆ. ಜಿಡ್ಡು ಬೇಡವೆಂದು ವೈದ್ಯರು ಹೇಳಿರದಿದ್ದರೆ, ಅಜ್ಜಿಯ ಮೆತ್ತನೆಯ ಇಡ್ಲಿಗೆ ಗಟ್ಟಿ ಕಾಯಿಚಟ್ನಿಯನ್ನೇ ಬಡಿಸಬಹುದು.